ಕೇರಂ ಪುಡಿ ಜಾರಿಸುತ್ತದೆ, ರೈಲಿನ ಮರಳು ಹಿಡಿಯುತ್ತದೆ, ಬಚ್ಚಲಿಗೆ ಯಾವುದು?

‘ಬಚ್ಚಲಲ್ಲಿ ಕಾಲು ಜಾರುತ್ತಿದೆಯೇ? ಪೌಡರ್ ಉದುರಿಸಿ, ಆಸಿಡ್ ಹಾಕಿ ಉಜ್ಜಿ’ ಎನ್ನುವ ಬಗೆಯ ಸಲಹೆಗಳು ವಾಟ್ಸಾಪ್‌ನಲ್ಲಿ ನಮಗೆಲ್ಲ ಬರುತ್ತಿರುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ತಮಾಷೆಯ ವಿಷಯವಲ್ಲ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲಿನಂತೆ ಓಡಾಡಲು ಅನೇಕರಿಗೆ ಆಗುವುದೇ ಇಲ್ಲ. ಹಾಗಾದರೆ ಪುಡಿ ಹಾಕಿದರೆ ಘರ್ಷಣೆ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಎರಡೂ ಆಗಬಹುದು.

ಕೇರಂ ಬೋರ್ಡಿಗೆ ಹಾಕುವ ಪುಡಿ ಸಾಮಾನ್ಯವಾಗಿ ಬೋರಿಕ್ ಆಸಿಡ್. ಅದರ ಹರಳಿನಲ್ಲಿ ಅಣುಗಳು ಹಾಳೆಯ ಮೇಲೆ ಹಾಳೆ ಪೇರಿಸಿದ ಹಾಗೆ ಜೋಡಣೆಯಾಗಿರುತ್ತವೆ. ಹಾಳೆಗಳ ನಡುವಿನ ಹಿಡಿತ ಸಡಿಲ, ಆದ್ದರಿಂದ ಸ್ಟ್ರೈಕರ್ ತಳ್ಳಿದ ಕೂಡಲೇ ಒಂದರ ಮೇಲೊಂದು ಸರಿಯುತ್ತವೆ. (ಜಿರಳೆ ಕೊಲ್ಲಲು ಬಳಸುವುದೂ ಇದನ್ನೇ. ಆಟ ಮುಗಿದ ಮೇಲೆ ಮಕ್ಕಳ ಕೈ ತೊಳೆಸಿ.) ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್, ಪೆನ್ಸಿಲ್ಲಿನ ಗ್ರಾಫೈಟ್ ಕೂಡ ಇದೇ ಜಾತಿಯವು. ಸ್ನಾನದ ನಂತರ ನೆಲಕ್ಕೆ ಬಿದ್ದ ಪೌಡರ್ ಜಾರಿಸುವುದು ಇದಕ್ಕೇ.

ರೈಲಿನ ಕಥೆ ಇದಕ್ಕೆ ತದ್ವಿರುದ್ಧ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿ ಪ್ರತಿ 50 ಮೀಟರಿಗೆ 1 ಮೀಟರಿನಷ್ಟು ಏರುತ್ತದೆ. ಇಂಥ ಕಡೆ ಮಳೆಯಲ್ಲಿ ಎಂಜಿನ್ನಿನ ಚಕ್ರ ಇದ್ದಲ್ಲೇ ತಿರುಗತೊಡಗಿದರೆ, ಒತ್ತಡದ ಗಾಳಿಯಿಂದ ಚಕ್ರದ ಮುಂದೆ ಮರಳು ಊದುತ್ತಾರೆ. ಗಟ್ಟಿಯಾದ, ಚೂಪು ಅಂಚಿನ ಕಣಗಳು ನೀರಿನ ಪದರವನ್ನು ಸೀಳಿ ಚಕ್ರವನ್ನೂ ಹಳಿಯನ್ನೂ ಕಚ್ಚಿ ಹಿಡಿಯುತ್ತವೆ. ಅತಿಯಾದರೆ ಇನ್ನೊಂದು ತೊಂದರೆ: ಚಕ್ರ ಮತ್ತು ಹಳಿಯ ನಡುವಿನ ವಿದ್ಯುತ್ ಸಂಪರ್ಕವೇ ತಪ್ಪಿ, ಅಲ್ಲಿ ರೈಲು ಇರುವುದು ಸಿಗ್ನಲ್ ವ್ಯವಸ್ಥೆಗೆ ತಿಳಿಯದೆ ಹೋಗಬಹುದು.

ಹಾಗೆಂದು ಬಚ್ಚಲಿಗೆ ಮರಳು ಚೆಲ್ಲಬೇಡಿ. ಚಕ್ರದ ಭಾರಕ್ಕೆ ಮರಳು ಪುಡಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಭಾರಕ್ಕೆ ಅದು ನುಣುಪು ಟೈಲ್ಸ್ ಮೇಲೆ ಉರುಳುತ್ತದೆ. ಹಿಡಿತ ಬೇಕೆಂದರೆ ಕಣ ನೆಲಕ್ಕೆ ಅಂಟಿರಬೇಕು. ಆ್ಯಂಟಿ-ಸ್ಕಿಡ್ ಲೇಪನ ಮಾಡುವುದು ಇದನ್ನೇ: ರೆಸಿನ್ ಅಥವಾ ಪೇಂಟ್‌ನಲ್ಲಿ ಅಲ್ಯುಮಿನಿಯಂ ಆಕ್ಸೈಡ್‌ನಂಥ ಗಟ್ಟಿ ಕಣಗಳನ್ನು ಕೂರಿಸುತ್ತಾರೆ. ಹಡಗಿನ ಡೆಕ್ಕಿನಲ್ಲೂ ಇಂಥದ್ದೇ ಇರುತ್ತದೆ. ಬ್ರಿಟನ್ನಿನ ಅಪಾಯಕಾರಿ ತಿರುವುಗಳಲ್ಲಿ ಸುಟ್ಟ ಬಾಕ್ಸೈಟಿನ 1ರಿಂದ 3 ಮಿಲಿಮೀಟರ್ ಹರಳುಗಳನ್ನು ರಸ್ತೆಗೆ ಅಂಟಿಸುತ್ತಾರೆ. ಕಣದ ತುದಿ ಲೇಪನದಿಂದ ಮೇಲೆ ಇಣುಕಬೇಕು, ಪೂರ್ತಿ ಮುಳುಗಿದರೆ ದುಡ್ಡು ದಂಡ. ಸಾಬೂನಿನ ಜಿಡ್ಡು ತುಂಬಿಕೊಂಡರೂ ಅಷ್ಟೇ, ಆಗಾಗ ಬ್ರಷ್ ಹಾಕಿ ಉಜ್ಜಲೇಬೇಕು.

ಇನ್ನು ಆಸಿಡ್. ಟಾಯ್ಲೆಟ್ ತೊಳೆಯುವ ಆಸಿಡ್ ಟೈಲ್ಸ್ ನಡುವಿನ ಸಿಮೆಂಟನ್ನು ತಿನ್ನುತ್ತದೆ, ಗ್ಲೇಜ್ ಹೆಚ್ಚುಕಮ್ಮಿ ನುಣುಪಾಗಿಯೇ ಉಳಿಯುತ್ತದೆ. ಅದರ ಜೊತೆ ಬ್ಲೀಚ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಈ ಸಲಹೆ ಬಂದರೆ ಮುಂದೆ ಕಳಿಸಬೇಡಿ.

ಹೊಸ ಟೈಲ್ಸ್ ಕೊಳ್ಳುವವರು ‘ಆರ್10’, ‘ಆರ್11’ ಅಂಕಿಗಳನ್ನಷ್ಟೇ ನೋಡಿದರೆ ಸಾಲದು. ಅವು ಎಣ್ಣೆ ಸವರಿದ ಇಳಿಜಾರಿನಲ್ಲಿ ಬೂಟು ಹಾಕಿ ನಡೆದು ಪರೀಕ್ಷಿಸಿದವು. ಬಚ್ಚಲಿಗೆ ಕೇಳಬೇಕಾದದ್ದು ಸಾಬೂನು ನೀರಿನಲ್ಲಿ ಬರಿಗಾಲಲ್ಲಿ ನಡೆದು ನೋಡಿದ ಎ, ಬಿ, ಸಿ ದರ್ಜೆ. 12 ಡಿಗ್ರಿ ಇಳಿಜಾರಿನವರೆಗೆ ಜಾರದಿದ್ದರೆ ಎ, 18ಕ್ಕೆ ಬಿ, 24ಕ್ಕೆ ಸಿ.