ಮಾರಲಿಕ್ಕಲ್ಲ, ಮುಯ್ಯಿಗೆ

ಕಳೆದ ಮಳೆಗಾಲದ ಒಂದು ಸಂಜೆ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಟ್ಟ ಕಾರ್ಡು ತಂದಿಟ್ಟಳು. ಊದಿನಕಡ್ಡಿ ಡಬ್ಬಿಯ ರಟ್ಟು, ಅದರ ಮೇಲೆ ಹಳೆಯ ಕಾಲನಿರ್ಣಯದಿಂದ ಹರಿದ ಜುಲೈ ತಿಂಗಳ ತುಂಡು, ಅದರ ಮೇಲೆ ನೀಲಿ ಬಣ್ಣದ ಮಳೆ, ಮಳೆಯಲ್ಲಿ ಒಂದು ಮುರುಕು ಛತ್ರಿ. ಛತ್ರಿಯ ಕಡ್ಡಿಗಳಿಗೆ ನನ್ನ ಹೊಲಿಗೆ ಡಬ್ಬಿಯ ಕಪ್ಪು ದಾರ ಅಂಟಿಸಿದ್ದಳು. ಹನ್ನೊಂದು ವರ್ಷದ ಕೈಗೆ ಚೆನ್ನಾಗಿಯೇ ಬಂದಿತ್ತು. ನಾನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು: "ಅಮ್ಮ, ಇದು ಎಷ್ಟಕ್ಕೆ ಹೋಗುತ್ತೆ?"

ಆ ಪ್ರಶ್ನೆ ಅವಳಿಗೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಹಿಂದಿನ ಎರಡು ತಿಂಗಳಿಂದ ನಮ್ಮ ಊಟದ ಮೇಜಿನ ಮೇಲೆ ನಡೆದಿದ್ದೇ ಆ ಮಾತು. ಅದನ್ನು ಹೇಳುವ ಮೊದಲು ಈ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ.

ಇದಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎನ್ನುತ್ತಾರೆ. ಬಳಸುವವರ ಬಾಯಲ್ಲಿ ಎಟಿಸಿ. ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಇಸ್ಪೀಟು ಎಲೆಯಷ್ಟು ಎಂದರೆ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಆ ಅಳತೆಯೊಳಗೆ ನೀವು ಏನು ಬೇಕಾದರೂ ಮಾಡಬಹುದು: ಬಣ್ಣ ಹಚ್ಚಬಹುದು, ಕಾಗದ ಅಂಟಿಸಬಹುದು, ಬಟ್ಟೆಯ ಚೂರು ಹೊಲಿಯಬಹುದು, ಅಚ್ಚು ಒತ್ತಬಹುದು. ಹಿಂಬದಿಯಲ್ಲಿ ಹೆಸರು, ತಾರೀಖು ಬರೆಯಬೇಕು. ಜ್ಯೂರಿಕ್‌ನ ಎಂ. ವ್ಯಾಂಚಿ ಸ್ಟಿರ್ನೆಮಾನ್ ಎಂಬ ಕಲಾವಿದ 1996-97ರ ಹೊತ್ತಿಗೆ ಇದನ್ನು ಶುರುಮಾಡಿದ. ಸಾವಿರಕ್ಕೂ ಹೆಚ್ಚು ಕಾರ್ಡು ಮಾಡಿ ಪ್ರದರ್ಶನಕ್ಕಿಟ್ಟ. ಕೊಳ್ಳಲು ಬಂದವರಿಗೆ, ಬೇಕಾದರೆ ನೀವೂ ಒಂದು ಮಾಡಿಕೊಂಡು ಬನ್ನಿ, ಬದಲಾಯಿಸಿಕೊಳ್ಳೋಣ ಎಂದ. ಅಲ್ಲಿಂದ ಉಳಿದುಬಂದ ನಿಯಮ ಒಂದೇ: ಈ ಕಾರ್ಡನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕೊಟ್ಟು ಪಡೆಯಬೇಕು. ಮುಂದೆ ಇದೇ ಅಳತೆಯ ಚಿತ್ರಗಳನ್ನು ಇಬೇಯಲ್ಲಿ ಮಾರಲು ಹೊರಟವರು ಅದಕ್ಕೆ ಎಸಿಇಒ ಎಂಬ ಬೇರೆ ಹೆಸರನ್ನೇ ಇಟ್ಟುಕೊಳ್ಳಬೇಕಾಯಿತು.

ನಮ್ಮದು ಆರು ಜನರ ಗುಂಪು. ತಿಂಗಳಿಗೊಂದು ಭಾನುವಾರ ಮಾತುಂಗದ ಒಂದು ಉಡುಪಿ ಹೋಟೆಲಿನಲ್ಲಿ ಸೇರುತ್ತೇವೆ. ಒಬ್ಬರು ವಸಾಯಿಯವರು, ಇಬ್ಬರು ಚೆಂಬೂರಿನವರು, ನಾನು ಮುಲುಂಡಿನವಳು. ಮೂರೂ ಲೈನಿನವರಿಗೆ ಅಷ್ಟಿಷ್ಟು ನ್ಯಾಯವಾಗುವ ಜಾಗ ಅದು. ಕಾಫಿ ಲೋಟ ಬದಿಗೆ ಸರಿಸಿ, ಮೇಜು ಒರೆಸಿ, ಕಾರ್ಡುಗಳನ್ನು ಮುಖ ಮೇಲೆ ಮಾಡಿ ಹರಡುತ್ತೇವೆ. ಒಂದಕ್ಕೆ ಒಂದು. ನನ್ನದು ನಿಮಗೆ, ನಿಮ್ಮದು ನನಗೆ. ಹತ್ತು ವರ್ಷದಿಂದ ಮಾಡುತ್ತಿರುವವರ ಕಾರ್ಡಿಗೂ ಮೊನ್ನೆ ಕತ್ತರಿ ಹಿಡಿದವರ ಕಾರ್ಡಿಗೂ ಅಲ್ಲಿ ಒಂದೇ ತೂಕ.

ಗುಂಪಿನ ಹಿರಿಯರನ್ನು ನಾವೆಲ್ಲ ಮಾಮ ಎನ್ನುತ್ತೇವೆ. ಕುಂದಾಪುರ ಕಡೆಯವರು, ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವರು. ಹಳೆಯ ಬಿಲ್ಲು ಪುಸ್ತಕದ ಹಾಳೆ, ಕಾಫಿ ಕಲೆ, ತೆಂಗಿನ ನಾರು, ಇಷ್ಟರಲ್ಲೇ ಅವರ ಕಾರ್ಡು. ಗೆರೆ ಸ್ವಲ್ಪ ನಡುಗುತ್ತದೆ. "ಇದನ್ನು ತೆಗೆದುಕೊಂಡು ನಿಮಗೆ ನಷ್ಟ ಮಾರಾಯ್ತಿ" ಎನ್ನುತ್ತಲೇ ನಮ್ಮ ಒಳ್ಳೆಯ ಕಾರ್ಡನ್ನು ಎತ್ತಿ ಜೇಬಿಗಿಳಿಸುತ್ತಾರೆ.

ಜ್ಯೂರಿಕ್‌ನವನ ನಿಯಮ ನನಗೆ ಹೊಸದೆನಿಸಲಿಲ್ಲ. ಹಾಸನದ ಕಡೆ ನನ್ನ ಅಜ್ಜಿಯ ಊರಿನಲ್ಲಿ ಮುಯ್ಯಾಳು ಎಂಬುದಿತ್ತು. ನಾಟಿಗೆ ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯವರು ಬಂದರೆ ನಾಳೆ ನಿಮ್ಮ ಗದ್ದೆಗೆ ನಮ್ಮ ಮನೆಯವರು. ಕೂಲಿಯ ಮಾತಿಲ್ಲ. ಬಂದವಳು ಗಟ್ಟಿಗಿತ್ತಿಯೋ ವಯಸ್ಸಾದವಳೋ ಎಂದು ತೂಗುವುದಿಲ್ಲ, ಒಂದಾಳಿಗೆ ಒಂದಾಳು. ಸಂಕ್ರಾಂತಿಯ ಎಳ್ಳು ಬೀರುವುದೂ ಅದೇ ಜಾತಿಯದು. ಪಕ್ಕದ ಮನೆಯಿಂದ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಚೂರು ಬೆಲ್ಲವಾದರೂ ಇಟ್ಟು ಕೊಡಬೇಕು ಎಂದು ಅಮ್ಮ ಹೇಳುತ್ತಿದ್ದಳು. ಮುಂಬಯಿಗೆ ಬಂದರೆ ಇಲ್ಲೂ ಅದೇ ಸಂಕ್ರಾಂತಿಗೆ ಎಳ್ಳುಂಡೆ, ಹಳದಿ-ಕುಂಕುಮ, ಜೊತೆಗೊಂದು ಪುಟ್ಟ ವಸ್ತುವಿನ ವಾಣ. ಹೀಗೆ ಕೊಟ್ಟು ಪಡೆಯುವುದಕ್ಕೆ ನಮ್ಮಲ್ಲಿ ಇರುವ ಮಾತು ಮುಯ್ಯಿ. ಅದು ವ್ಯಾಪಾರವಲ್ಲ, ಪೂರ್ತಿ ದಾನವೂ ಅಲ್ಲ. ಲೆಕ್ಕ ಇದೆ, ಆದರೆ ಲೆಕ್ಕ ಚುಕ್ತಾ ಆಗಿಬಿಟ್ಟರೆ ಮುಂದೆ ಭೇಟಿಯಾಗಲು ನೆಪವಿಲ್ಲ. ಆದ್ದರಿಂದ ಯಾರದಾದರೂ ಒಂದು ಬಾಕಿ ಇದ್ದೇ ಇರುತ್ತದೆ.

ಇಷ್ಟು ಗೊತ್ತಿದ್ದೂ ನಾನು ಮಾರಿದೆ.

ನಮ್ಮ ಕಟ್ಟಡದ ಒಬ್ಬರ ಮನೆಯಲ್ಲಿ ಗೃಹಪ್ರವೇಶ. ಬಂದವರಿಗೆ ಕೊಡಲು "ನಿಮ್ಮ ಆ ಚಿಕ್ಕ ಕಾರ್ಡು ಇದೆಯಲ್ಲ, ಅರವತ್ತು ಮಾಡಿಕೊಡಿ, ಸುಮ್ಮನೆ ಬೇಡ, ಎಂಬತ್ತು ರೂಪಾಯಿಯಂತೆ ಕೊಡುತ್ತೇನೆ" ಎಂದರು. 4,800 ರೂಪಾಯಿ. ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಕೊನೆಗೂ ಇದರಿಂದ ಏನೋ ಬಂತು ಎಂದರು ನಮ್ಮವರು. ಅದು ತಮಾಷೆಯೇ ಆದರೂ ಆ "ಕೊನೆಗೂ" ನನಗೆ ಕೇಳಿಸಿತು. ಮೊದಲ ಹತ್ತು ಕಾರ್ಡು ಖುಷಿಯಲ್ಲೇ ಆದವು. ಹನ್ನೆರಡನೆಯದರ ಹೊತ್ತಿಗೆ ನನ್ನ ಕೈ ನನ್ನನ್ನೇ ನಕಲು ಮಾಡತೊಡಗಿತ್ತು. ಇಪ್ಪತ್ತು ಕೊಟ್ಟಾಗ ಅವರು ಮೆಲ್ಲಗೆ ಹೇಳಿದರು: "ಒಂದೊಂದರಲ್ಲಿ ನವಿಲು ಒಂದೊಂದು ಥರ ಇದೆ. ಎಲ್ಲ ಒಂದೇ ಥರ ಬಂದರೆ ಚೆನ್ನ, ಯಾರಿಗೂ ಬೇಜಾರಾಗಲ್ಲ." ಅವರ ಮಾತಿನಲ್ಲಿ ತಪ್ಪಿಲ್ಲ. ದುಡ್ಡು ಕೊಡುವವರು ಕೇಳುವುದೇ ಅದನ್ನು. ರಾತ್ರಿ ಪಾತ್ರೆ ತೊಳೆದ ಮೇಲೆ, ಬೆಳಗಿನ ಲೋಕಲ್ಲಿಗೆ ಮೊದಲು, ಒಂದೊಂದಕ್ಕೆ ನಲವತ್ತು ನಿಮಿಷದಂತೆ ಅರವತ್ತು ನವಿಲು ಮಾಡಿ ಮುಗಿಸಿದೆ. ಸಾಮಾನಿನ ಖರ್ಚು ಕಳೆದು ನೋಡಿದರೆ ಗಂಟೆಗೆ ನೂರು ರೂಪಾಯಿಯೂ ಬಿದ್ದಿರಲಿಲ್ಲ.

ಕಡಿಮೆ ಬಿತ್ತು ಎಂಬುದು ನನ್ನ ದೂರಲ್ಲ. ಆಮೇಲೆ ಎಷ್ಟೋ ವಾರ ನನಗೆ ಆ ಮೇಜಿನ ಮುಂದೆ ಕೂರಲಾಗಲಿಲ್ಲ. ಕೂತರೆ, ಇದು ಯಾರಿಗೆ ಹಿಡಿಸೀತು ಎಂಬ ಯೋಚನೆ ಮೊದಲು ಬರುತ್ತಿತ್ತು, ಚಿತ್ರ ಆಮೇಲೆ. ಎರಡು ಭಾನುವಾರ ಮಾತುಂಗಕ್ಕೂ ಹೋಗಲಿಲ್ಲ. ಮಗಳು ಛತ್ರಿಯ ಕಾರ್ಡು ತಂದು ಬೆಲೆ ಕೇಳಿದ್ದು ಆ ದಿನಗಳಲ್ಲೇ.

ಆದ್ದರಿಂದ ನನ್ನ ವಾದ ಇಷ್ಟು: ಸಂಬಳವೋ ಮನೆಯ ಬೇರೆ ಆದಾಯವೋ ಇದ್ದು, ಖುಷಿಗೆ ಇದನ್ನು ಮಾಡುವವರು ಇದನ್ನು ಮಾರಬಾರದು.

ನೀವು ಕೇಳಬಹುದು, ಮಾರುವುದರಲ್ಲಿ ತಪ್ಪೇನು? ಹೆಂಗಸರು ಕೈಯಲ್ಲಿ ಮಾಡಿದ್ದನ್ನೆಲ್ಲ ತಲೆಮಾರುಗಳಿಂದ ಬಿಟ್ಟಿ ಮಾಡಿಸಿಕೊಂಡದ್ದು ಸಾಲದೇ, ಈಗ ನಾಲ್ಕು ಕಾಸು ಬರುವಾಗ ಬೇಡ ಎನ್ನಬೇಕೇ? ನನ್ನ ಗೆಳತಿಯೊಬ್ಬಳು ಇದನ್ನೇ ನನ್ನ ಮುಖದೆದುರು ಕೇಳಿದಳು. ಪ್ರಶ್ನೆ ಸರಿಯಾಗಿದೆ. ಉತ್ತರಕ್ಕೆ ಮುಂಬಯಿಯ ಸುತ್ತಲನ್ನೇ ನೋಡಿದೆ.

ಪಶ್ಚಿಮ ರೈಲ್ವೆಯ ಲೋಕಲ್ ಕೊನೆಗೊಳ್ಳುವ ಡಹಾಣೂ ಕಡೆ ವಾರ್ಲಿ ಚಿತ್ರಗಳಿವೆ. ಅವು ಮದುವೆಯ ಹೊತ್ತಿಗೆ ಮುತ್ತೈದೆಯರು ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದವು. 1970ರ ದಶಕದಲ್ಲಿ ಜಿವ್ಯಾ ಸೋಮಾ ಮ್ಹಶೆ ಅದನ್ನು ಕಾಗದಕ್ಕೆ, ಬಟ್ಟೆಗೆ ತಂದರು. ಚಿತ್ರ ಮಾರುಕಟ್ಟೆಗೆ ಬಂತು, ದೇಶ ದಾಟಿತು, 2011ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಇಂದು ಅದೇ ಅನೇಕರ ಜೀವನ. ಅಲ್ಲಿ ಹೋಗಿ "ಕಲೆಯನ್ನು ಮಾರಬೇಡಿ" ಎನ್ನುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಇನ್ನೊಂದು, ನಮ್ಮ ಕಾರ್ಡಿನ ಅಜ್ಜನೇ ಎನ್ನಬಹುದಾದ ಗಂಜೀಫಾ. ಕೈಯಲ್ಲಿ ಬರೆದ ದುಂಡನೆಯ ಆಟದ ಎಲೆ. ದಶಾವತಾರದ ಒಂದು ಕಟ್ಟಿಗೆ 120 ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚು ಎಷ್ಟಿತ್ತೆಂದರೆ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಈ ಆಟಗಳಿಗೆಂದೇ ಜಾಗವಿದೆ. ಇತ್ತ ಸಾವಂತವಾಡಿಯಲ್ಲಿ ಅದು ಇನ್ನೇನು ಆರಿಹೋಗುವುದರಲ್ಲಿತ್ತು. 1970ರ ದಶಕದಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೇ ಭೋಸಲೆ ಮತ್ತು ಸತ್ವಶೀಲಾದೇವಿ ದಂಪತಿ ಉಳಿದಿದ್ದ ಒಬ್ಬ ವೃದ್ಧ ಚಿತಾರಿಯಿಂದ ಕೆಲಸ ಕಲಿತು, ಅರಮನೆಯಲ್ಲೇ ಕಲಾವಿದರನ್ನು ಕೂರಿಸಿ ಅದನ್ನು ಉಳಿಸಿದರು. ಕೊಳ್ಳುವವರು ಇದ್ದುದರಿಂದ ಅದು ಉಳಿಯಿತು. ಮುಂಬಯಿಯಿಂದ ಊರಿಗೆ ಹೋಗುವಾಗ ನಮ್ಮ ಕೊಂಕಣ ರೈಲು ಸಾವಂತವಾಡಿಯನ್ನು ದಾಟಿಕೊಂಡೇ ಹೋಗುತ್ತದೆ.

ಇವೆರಡನ್ನೂ ನೋಡಿದ ಮೇಲೆ ನನಗೆ ನನ್ನ ಅರವತ್ತು ನವಿಲುಗಳ ಬಗ್ಗೆ ಬೇರೆಯೇ ನಾಚಿಕೆ ಹುಟ್ಟಿತು. ಗಂಟೆಗೆ ನೂರು ರೂಪಾಯಿಗಿಂತ ಕಡಿಮೆಗೆ ನಾನು ದುಡಿಯಬಲ್ಲೆ, ಏಕೆಂದರೆ ನನ್ನ ಮನೆಯ ಬಾಡಿಗೆ ಆ ನವಿಲಿನಿಂದ ಹೋಗಬೇಕಾಗಿಲ್ಲ. ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಇಟ್ಟುಕೊಂಡು ಕೂರುವವನಿಗೆ ಹೋಗಬೇಕು. ನಾನು ಎಂಬತ್ತಕ್ಕೆ ಕೊಟ್ಟರೆ ಅವನು ಮುನ್ನೂರು ಕೇಳಿದಾಗ ಜನ ಹುಬ್ಬೇರಿಸುತ್ತಾರೆ. ಹವ್ಯಾಸಿಗಳು ಅಗ್ಗಕ್ಕೆ ಮಾರಿದಷ್ಟೂ ಕೈಕೆಲಸದ ಬೆಲೆ ಎಲ್ಲರ ಕಣ್ಣಲ್ಲಿ ಇಳಿಯುತ್ತದೆ. ಗೆಳತಿಗೆ ನಾನು ಕೊಟ್ಟ ಉತ್ತರ ಇದು: ಹೆಂಗಸರ ಕೆಲಸಕ್ಕೆ ಬೆಲೆ ಬರಬೇಕು, ಖಂಡಿತ. ಇದೇ ಕೆಲಸದಿಂದ ಬದುಕಬೇಕು ಎನ್ನುವವಳು ಸರಿಯಾದ ಬೆಲೆ ಹಾಕಿ ಮಾರಲಿ, ಆಗ ಅದು ಕಸುಬು. ನಾವು ಅವಳಿಂದ ಚೌಕಾಶಿ ಮಾಡದೆ ಕೊಳ್ಳೋಣ. ಕಸುಬೂ ಅಲ್ಲದೆ ಮುಯ್ಯಿಯೂ ಅಲ್ಲದೆ ನಡುವೆ ನಿಂತು ಪುಡಿಗಾಸಿಗೆ ಮಾರುವ ನನ್ನಂಥವರಿಂದ ಇಬ್ಬರಿಗೂ ನಷ್ಟ. ಅವಳು ಪೂರ್ತಿ ಒಪ್ಪಲಿಲ್ಲ. "ಖುಷಿಗೆ ಮಾಡುತ್ತಾ ಮಾಡುತ್ತಾ ಕಸುಬಾಗುವವರೂ ಇರುತ್ತಾರಲ್ಲ, ಅವರು ಮೊದಲ ಕಾರ್ಡು ಎಲ್ಲಿ ಮಾರಬೇಕು?" ಎಂದಳು. ಅದು ನಿಜ. ಅಂಥವರು ದಾಟಲಿ. ದಾಟುತ್ತಿದ್ದೇನೆ ಎಂದು ತಿಳಿದು ದಾಟಲಿ ಎಂದಷ್ಟೇ ನಾನು ಹೇಳಬಲ್ಲೆ.

ಮುಂಬಯಿಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಇಲ್ಲಿ ಮನೆಯನ್ನು ಚದರ ಅಡಿಯಲ್ಲಿ ಎಣಿಸುತ್ತೇವೆ, ಹೊತ್ತನ್ನು 8:14ರ ಫಾಸ್ಟ್, 8:19ರ ಸ್ಲೋ ಎಂದು ಎಣಿಸುತ್ತೇವೆ. ಅಡುಗೆ ಚೆನ್ನಾಗಿ ಮಾಡಿದರೆ ಟಿಫಿನ್ ಶುರುಮಾಡಿ ಎನ್ನುತ್ತಾರೆ, ರಂಗೋಲಿ ಚೆನ್ನಾಗಿ ಹಾಕಿದರೆ ಕ್ಲಾಸ್ ತೆಗೆಯಿರಿ ಎನ್ನುತ್ತಾರೆ. ಹೊಗಳಿಕೆಗೆ ನಮಗೆ ಬೇರೆ ಭಾಷೆಯೇ ಉಳಿದಿಲ್ಲ. ಮಗಳು ಬೆಲೆ ಕೇಳಿದಾಗ ಅವಳೂ ಕೇಳಿದ್ದು ಅಷ್ಟನ್ನೇ, ಅಮ್ಮ ಇದು ಚೆನ್ನಾಗಿದೆಯಾ ಎಂದು. ಅದನ್ನು ರೂಪಾಯಿಯಲ್ಲಿ ಕೇಳುವುದನ್ನು ನಾವು ಕಲಿಸಿದ್ದೆವು.

ಹಾಗಾದರೆ ಇದು ದುಡ್ಡಿದ್ದವರ ಆಟವೇ? ಆಗಬಹುದು, ನಾವು ಬಿಟ್ಟರೆ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ರಸ್ತೆಗೆ ಒಮ್ಮೆ ಹೋದರೆ ಸಾಕು: ಬಣ್ಣದ ಟೇಪು, ಮಿನುಗು, ಮುದ್ರೆ, ಕತ್ತರಿಸಿಟ್ಟ ಹೂವು, ಪರ್ಸು ಖಾಲಿ, ಚೀಲ ಭರ್ತಿ. ಅವನ್ನು ಅಂಟಿಸಿದರೆ ಎಲ್ಲರ ಕಾರ್ಡೂ ಒಂದೇ ಅಂಗಡಿಯಂತೆ ಕಾಣುತ್ತದೆ. ನಾನೀಗ ರದ್ದಿವಾಲಾ ಬರುವ ಮೊದಲು ನಮ್ಮ ಮನೆಯ ಕಟ್ಟನ್ನು ಒಮ್ಮೆ ಬಿಚ್ಚುತ್ತೇನೆ. ಗಿರಗಾಂವ್‌ನ ಖಾಡಿಲ್ಕರ್ ರಸ್ತೆಯಲ್ಲಿ ಅಚ್ಚಾಗಿ ಬಂದ ಲಗ್ನಪತ್ರಿಕೆಗಳ ರಟ್ಟಿಗಿಂತ ಒಳ್ಳೆಯ ತಳ ಬೇರೆ ಇಲ್ಲ. ಔಷಧಿ ಡಬ್ಬಿ, ಸೋಪಿನ ಹೊದಿಕೆ, ಟೇಲರ್ ಎಸೆಯುವ ಅಂಚು, ಪುಸ್ತಕದೊಳಗೆ ಸಿಕ್ಕಿದ ಹಳೆಯ ಬೆಸ್ಟ್ ಬಸ್ಸಿನ ಟಿಕೆಟು. ಮೈದಾ ಅಂಟು ಮನೆಯಲ್ಲೇ ಕಾಯಿಸಬಹುದು. ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕುವವರಿದ್ದಾರೆ, ಮಕ್ಕಳಿರುವ ಮನೆಯಲ್ಲಿ ಅದು ಬೇಡ, ವಿಷ. ಹೀಗೆ ಮಾಡಿದ ಕಾರ್ಡು ಎರಡು ಮೂರು ಗ್ರಾಂ ತೂಗುತ್ತದೆ. ಲಕೋಟೆಯ ಜೊತೆ ಮೂರು ಕಾರ್ಡು ಹಾಕಿದರೂ ಇಪ್ಪತ್ತು ಗ್ರಾಂ ದಾಟುವುದಿಲ್ಲ. ಐದು ರೂಪಾಯಿ ಅಂಚೆಚೀಟಿಯಲ್ಲಿ ಧಾರವಾಡಕ್ಕೂ ಹೋಗುತ್ತದೆ, ಕಾಸರಗೋಡಿಗೂ ಹೋಗುತ್ತದೆ.

ಮಗಳನ್ನು ಮುಂದಿನ ಭಾನುವಾರ ಮಾತುಂಗಕ್ಕೆ ಕರೆದುಕೊಂಡು ಹೋದೆ. ಛತ್ರಿಯ ಕಾರ್ಡು ಅವಳ ಕಂಪಾಸ್ ಬಾಕ್ಸಿನಲ್ಲಿತ್ತು. ಮಾಮ ಕನ್ನಡಕ ಏರಿಸಿ, ದಾರವನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ನನಗೆ ಬೇಕು. ನಿಂಗೆ ಎಂತ ಬೇಕು, ಆರಿಸು" ಎಂದು ತಮ್ಮ ನಾಲ್ಕೂ ಕಾರ್ಡುಗಳನ್ನು ಅವಳ ಮುಂದೆ ಹರಡಿದರು. ಅವಳು ಬಹಳ ಹೊತ್ತು ನೋಡಿದಳು. ಅವರು ಉಳಿದವುಗಳಿಗಿಂತ ಸೊಟ್ಟಗೆ ಬರೆದಿದ್ದ ಒಂದು ದೋಣಿಯನ್ನು ಎತ್ತಿಕೊಂಡಳು. ಯಾಕೆ ಅದೇ ಎಂದು ವಾಪಸು ಬರುವಾಗ ಲೋಕಲ್ಲಿನಲ್ಲಿ ಕೇಳಿದೆ. "ಅದು ಮಳೇಲಿ ಹೋಗ್ತಿದೆ ಅಮ್ಮ. ನಂದೂ ಮಳೇನೇ ಅಲ್ವಾ?" ಎಂದಳು.

ಬೆಲೆಯ ಮಾತು ಆ ದಿನ ಬರಲಿಲ್ಲ. ಮತ್ತೆ ಬರುವುದಿಲ್ಲ ಎಂದೇನೂ ನಾನು ನಂಬಿಲ್ಲ, ಈ ಊರಿನಲ್ಲಿ ಬೆಳೆಯುತ್ತಿರುವವಳು. ಸದ್ಯಕ್ಕೆ ಅವಳಿಗಿರುವ ಚಿಂತೆ ಬೇರೆ: ಮಾಮ ಅವಳಿಗೆ ಹೆಚ್ಚಿಗೆ ಒಂದು ಕಾರ್ಡು ಕೊಟ್ಟು ಕಳಿಸಿದ್ದಾರೆ, ಮುಂದಿನ ತಿಂಗಳೊಳಗೆ ಮುಯ್ಯಿ ತೀರಿಸಬೇಕು.