ಮಕ್ಕಳ ಸಾಹಿತಿಗೆ ಕಡೆಯ ಪಂಕ್ತಿಯೇ?

ಊಟದ ಪಂಕ್ತಿಯಲ್ಲಿ ಯಾರಿಗೆ ಎಲ್ಲಿ ಎಲೆ ಹಾಕಿದ್ದಾರೆಂಬುದನ್ನು ನೋಡಿ ಮನೆಯವರ ಮನಸ್ಸನ್ನು ಅಳೆಯಬಹುದೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಸಾಹಿತ್ಯದ ಪಂಕ್ತಿಯಲ್ಲಿಯೂ ಹಾಗೆಯೇ. ಮಹಾಕಾವ್ಯ ಬರೆದವರಿಗೆ ಮೊದಲ ಎಲೆ. ಕಾದಂಬರಿಕಾರರಿಗೆ ಅದರ ಪಕ್ಕದ್ದು. ನಾಟಕಕಾರರೂ ವಿಮರ್ಶಕರೂ ಅನುಕ್ರಮವಾಗಿ ಕುಳಿತ ಮೇಲೆ ಬಾಗಿಲ ಬಳಿ ಒಂದಿಷ್ಟು ಜಾಗ ಉಳಿದಿದ್ದರೆ, ಮಕ್ಕಳಿಗಾಗಿ ಬರೆಯುವವನಿಗೆ ಅಲ್ಲೊಂದು ಎಲೆ. ಇದು ನ್ಯಾಯವಲ್ಲವೆಂಬುದೇ ಈ ಲೇಖನದ ತಾತ್ಪರ್ಯ. ಹಾಗೆ ಹೇಳಲು ನಿನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಆ ಅನ್ಯಾಯವನ್ನು ಸ್ವತಃ ಮಾಡಿದವನು ನಾನು. ಅದೇ ನನ್ನ ಅಧಿಕಾರ.

ಈ ವರ್ಷ ನಮ್ಮ ಕನ್ನಡ ಸಂಘದ ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ವಿಚಾರ ಬಂದಾಗ ಸಮಿತಿಯ ಸಭೆಯಲ್ಲಿ ನಾನೂ ಇದ್ದೆ. ನಮ್ಮೂರಿನ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರೊಬ್ಬರ ಹೆಸರನ್ನು ಸೂಚಿಸಿದೆ. ಮಕ್ಕಳಿಗಾಗಿ ಅವರು ಬಹುಕಾಲದಿಂದ ಬರೆಯುತ್ತಿದ್ದಾರೆ. ಆರು ಚಿಕ್ಕ ಪುಸ್ತಕಗಳು ಅಚ್ಚಾಗಿವೆ. ನನ್ನ ಮಾತು ಮುಗಿಯುವ ಮೊದಲೇ ಗೆಳೆಯನೊಬ್ಬ, “ಕೈ ತಟ್ಟಿಸಿ ಪದ್ಯ ಹಾಡಿಸೋದಕ್ಕೆ ಇದೇನು ಶಿಶುವಿಹಾರವೇನಪ್ಪ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, “ಹಾಗಾದರೆ ಬೇಡ ಬಿಡಿ” ಎಂದು ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಕ್ಷರ ಕಲಿತ ಮೇಲೆ ನಾನು ಮೊಟ್ಟಮೊದಲು ಪೂರ್ತಿಯಾಗಿ ಓದಿದ ಪುಸ್ತಕ ಆ ಮೇಷ್ಟ್ರು ಬರೆದದ್ದು. ಆ ಮಾತನ್ನು ಅಂದು ನಾನು ಹೇಳಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಾದ ಕೆಲವು ವಾರಗಳಿಗೆ ಊರಿಗೆ ಹೋಗಿದ್ದಾಗ ಮೇಷ್ಟ್ರೇ ಸಿಕ್ಕಿ, “ಮಂಡಿ ನೋವು ಕಣಪ್ಪ. ಮೂರು ದಿವಸ ಪುಸ್ತಕದ ಚೀಲ ಹೊರೋಕೆ ಬರ್ತೀಯಾ?” ಎಂದು ಕೇಳಿದರು. ಸಂಘದ ಸಭೆಯ ಸಂಗತಿ ಅವರಿಗೆ ತಿಳಿಯದು. ಮನಸ್ಸಿನಲ್ಲಿ ಕಳ್ಳನಿದ್ದುದರಿಂದ ನಾನು ಕೂಡಲೇ ಒಪ್ಪಿದೆ. ಮೂರು ದಿನಗಳಲ್ಲಿ ಐದು ಶಾಲೆಗಳಿಗೆ ಹೋದೆವು.

ಮಕ್ಕಳ ಸಾಹಿತಿಯ ಈ ಸಂಚಾರವೆಂದರೆ ಸನ್ಮಾನ, ಹಾರ, ತುರಾಯಿಗಳ ಮೆರವಣಿಗೆಯೆಂದು ನಾನು ತಿಳಿದಿದ್ದೆ. ಮೊದಲನೆಯ ಶಾಲೆಯಲ್ಲಿಯೇ ಆ ಭ್ರಮೆ ಹರಿಯಿತು. ಚೀಲ ಹೊತ್ತ ನಮ್ಮನ್ನು ಕಂಡೊಡನೆ ಅಲ್ಲಿನ ಮುಖ್ಯೋಪಾಧ್ಯಾಯರು, “ಪುಸ್ತಕ ಕೊಳ್ಳೋಕೆ ನಮ್ಮಲ್ಲಿ ಅನುದಾನ ಇಲ್ಲ” ಎಂದುಬಿಟ್ಟರು. ಮಾರಲು ಬಂದಿಲ್ಲ, ಓದಲು ಬಂದಿದ್ದೇವೆಂದು ಮೇಷ್ಟ್ರು ವಿನಯದಿಂದ ತಿಳಿಸಿದ ಮೇಲೆ, ಮಧ್ಯಾಹ್ನದ ಬಿಸಿಯೂಟ ಮುಗಿದು ಮಕ್ಕಳು ತೂಕಡಿಸುವ ವೇಳೆಯಲ್ಲಿ ಮುಕ್ಕಾಲು ಗಂಟೆಯ ಅವಕಾಶ ದೊರೆಯಿತು.

ಮೇಷ್ಟ್ರು ಭಾಷಣ ಮಾಡಲಿಲ್ಲ. ನೆಲದ ಮೇಲೆ ಮಕ್ಕಳ ನಡುವೆಯೇ ಕುಳಿತು, ಕಳೆದುಹೋದ ಮೇಕೆಮರಿಯೊಂದರ ಕಥೆಯನ್ನು ಓದಿದರು. ಅವರ ಕೈಯಲ್ಲಿದ್ದ ಪ್ರತಿಯ ಅಂಚಿನ ತುಂಬ ಸೀಸದಕಡ್ಡಿಯ ಚುಕ್ಕೆಗಳು. ಓದುವಾಗ ಮಕ್ಕಳು ಎಲ್ಲಿ ಆಕಳಿಸಿದರು, ಎಲ್ಲಿ ಕಿಟಕಿಯ ಕಡೆ ತಿರುಗಿದರು ಎಂಬುದಕ್ಕೆ ಅವು ಗುರುತು. ಮೂರು ಊರುಗಳಲ್ಲಿ ಒಂದೇ ಸಾಲಿಗೆ ಚುಕ್ಕೆ ಬಿದ್ದರೆ ಮುಂದಿನ ಮುದ್ರಣದಲ್ಲಿ ಆ ಸಾಲು ಇರುವುದಿಲ್ಲವಂತೆ. ‘ಕುಟೀರ’ ಎಂದಿದ್ದ ಕಡೆಗಳಲ್ಲೆಲ್ಲ ಹೊಡೆದು ‘ಗುಡಿಸಲು’ ಎಂದು ಬರೆದಿತ್ತು. ಕಥೆ ಮುಗಿದಾಗ ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಮರಿ ಮನೆಗೆ ಬಂತಾ ಸಾರ್?” ಎಂದು ಕೇಳಿದಳು. ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು, “ಬಂತಮ್ಮ” ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನೊಡನೆ, “ಆ ಮಗು ಕೇಳಿದ್ದು ಸರಿ ಕಣಪ್ಪ. ತಾಯಿ ಮೇಕೆ ಕೂಗಿತು ಅಂತ ಬರೆದೆ. ಮರಿ ಬಂತು ಅಂತ ಬರೆದೇ ಇಲ್ಲ. ಇಷ್ಟು ವರ್ಷ ನನಗೆ ಹೊಳೆಯಲಿಲ್ಲ ನೋಡು” ಎಂದರು.

ನಮ್ಮ ವಿಮರ್ಶಕರ ಕೈಯಿಂದ ಅಂಥ ಮಾತು ಅವರಿಗೆ ಎಂದಾದರೂ ದೊರೆತೀತೆ? ಆದುದರಿಂದ ನನ್ನ ಮೊದಲನೆಯ ಅಭಿಪ್ರಾಯವಿದು: ಮಕ್ಕಳ ಸಾಹಿತಿಯು ಶಾಲೆಗಳಿಗೆ ಹೋಗಿ ಓದುವುದು ಪ್ರಚಾರವಲ್ಲ, ಅದು ಬರವಣಿಗೆಯದೇ ಇನ್ನೊಂದು ಅರ್ಧ.

ಇದಕ್ಕೆ ನಮ್ಮ ನಾಡಿನಲ್ಲಿ ಪೂರ್ವಪರಂಪರೆಯೂ ಉಂಟು. ಪಂಜೆ ಮಂಗೇಶರಾಯರು ಉಪಾಧ್ಯಾಯರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದವರು. ಮಕ್ಕಳ ನಡುವೆ ಓಡಾಡಿದವರಿಗಲ್ಲದೆ ಅವರ ಕಥೆಗಳ ನಗು ಬರಲಾರದು. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ ಹಿರಿಯರಿಗೆ ನಮ್ಮ ಸಮಿತಿಗಿಂತ ವಿವೇಕ ಹೆಚ್ಚಾಗಿತ್ತು. ೧೯೩೬ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕೊಟ್ಟ ಶಿವರಾಮ ಕಾರಂತರು ಬರೆದು ಸುಮ್ಮನೆ ಕೂರಲಿಲ್ಲ, ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕಲೆಹಾಕಿ ಆಟಪಾಠಗಳ ಪ್ರಯೋಗ ನಡೆಸಿದರು.

ಇವರೆಲ್ಲರಿಗಿಂತ ನನಗೆ ಹೆಚ್ಚು ನೆನಪಾಗುವವರು ಜಿ. ಪಿ. ರಾಜರತ್ನಂ. ಕನ್ನಡ ಎಂ. ಎ. ಮಾಡಿದ ಹೊಸತರಲ್ಲಿ ಅವರು ಕೆಲಕಾಲ ಶಿಶುವಿಹಾರದಲ್ಲಿ ಮೇಷ್ಟ್ರಾಗಿದ್ದರು. ಎಳೆಯರಿಗೆ ಹೇಳಿಕೊಡಲು ತಕ್ಕ ಪದ್ಯಗಳಿಲ್ಲವೆಂದು ಕಂಡು ತಾವೇ ಕಟ್ಟಿದರು. ‘ತುತ್ತೂರಿ’ ಹುಟ್ಟಿದ್ದು ಹಾಗೆ. ಮುಂದೆ ಕಾಲೇಜಿನ ಅಧ್ಯಾಪಕರಾದರು, ಪಾಲಿ ಭಾಷೆಯನ್ನೂ ಬೌದ್ಧ ಸಾಹಿತ್ಯವನ್ನೂ ಕಲಿತು ಕನ್ನಡಕ್ಕೆ ತಂದರು. ಆದರೂ ಮಕ್ಕಳ ಪದ್ಯವನ್ನು ಬಿಡಲಿಲ್ಲ. ತಮ್ಮನ್ನು ಸಾಹಿತ್ಯದ ಪರಿಚಾರಕನೆಂದು ಕರೆದುಕೊಂಡರು. ಹೋದಹೋದಲ್ಲಿ ಕಾಲೇಜಿನ ಕರ್ನಾಟಕ ಸಂಘಗಳನ್ನು ಬೆಳೆಸಿ, ವಿದ್ಯಾರ್ಥಿಗಳಿಂದ ಬರೆಯಿಸಿ, ಪುಸ್ತಕಗಳನ್ನು ಜನರ ಕೈಗೆ ಮುಟ್ಟಿಸಿದರು. ೧೯೭೮ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಮರುವರ್ಷವೇ ತೀರಿಕೊಂಡರು. ಇಂದು ನಾವು ನಡೆಸುತ್ತಿರುವಂಥ ಸಂಘಗಳಿಗೆ ಜೀವ ಕೊಟ್ಟವರಲ್ಲಿ ಒಬ್ಬರು ತುತ್ತೂರಿಯ ಕವಿ ಎಂಬುದನ್ನು ನಾವು ಮರೆಯಬಹುದೆ?

ಇಷ್ಟಾದರೂ ಎಲೆ ಬಾಗಿಲ ಬಳಿಯಲ್ಲಿಯೇ ಉಳಿದದ್ದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿಯು ೧೯೫೫ರಿಂದ ಪ್ರಶಸ್ತಿಗಳನ್ನು ಕೊಡುತ್ತಿದೆ. ಮಕ್ಕಳ ಸಾಹಿತ್ಯಕ್ಕೆಂದೇ ಅದು ಬಾಲ ಪುರಸ್ಕಾರವನ್ನು ಆರಂಭಿಸಿದ್ದು ೨೦೧೦ರಲ್ಲಿ. ಆ ವರ್ಷ ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿಯವರಿಗೆ ಸಂದಿತು. ನಡುವೆ ಕಳೆದುಹೋದದ್ದು ಐವತ್ತೈದು ವರ್ಷ!

ಇನ್ನು ನಾವು ಕಂಡ ಶಾಲೆಗಳ ಪುಸ್ತಕಗಳ ಸಂಗತಿ. ಐದರಲ್ಲಿ ನಾಲ್ಕು ಶಾಲೆಗಳಲ್ಲಿ ಒಳ್ಳೆಯ ಮಕ್ಕಳ ಪುಸ್ತಕಗಳಿದ್ದವು, ಬೀರುವಿನಲ್ಲಿದ್ದವು, ಬೀರುವಿಗೆ ಬೀಗವಿತ್ತು. ಉಪಾಧ್ಯಾಯರನ್ನು ಆಕ್ಷೇಪಿಸಲು ನಾನು ಬಾಯಿ ತೆರೆದೆ. ಅವರಲ್ಲೊಬ್ಬರು ದಾಸ್ತಾನು ಪುಸ್ತಕವನ್ನು ತಂದು ನನ್ನೆದುರು ಇಟ್ಟರು. “ಒಂದು ಪುಸ್ತಕ ಕಳೆದರೆ, ಹರಿದರೆ, ಲೆಕ್ಕ ಕೇಳೋದು ನನ್ನನ್ನ. ನಾನೇನು ಮಾಡಲಿ ಹೇಳಿ?” ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಸೀಮೆಸುಣ್ಣ ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲ. ಸವೆಯುವುದೇ ಅದರ ಕೆಲಸ. ಎಳೆಯರ ಪುಸ್ತಕವೂ ಹಾಗೆಯೇ ಅಲ್ಲವೆ? ನೂರು ಕೈ ದಾಟಿ ಹರಿದ ಪುಸ್ತಕವನ್ನು ನಷ್ಟವೆಂದು ಬರೆಯುವ ತನಕ ಬೀರುವಿನ ಬೀಗ ತೆರೆಯಲಾರದು. ಓದಿ ಸವೆದ ಪುಸ್ತಕವನ್ನು ‘ಬಳಕೆಯಾಯಿತು’ ಎಂದು ಬರೆಯಲು ಮುಖ್ಯೋಪಾಧ್ಯಾಯರಿಗೆ ಅಧಿಕಾರ ಕೊಡಬೇಕು. ಇದಕ್ಕೆ ಸರ್ಕಾರಕ್ಕೆ ಒಂದು ಕಾಸೂ ಖರ್ಚಿಲ್ಲ. ೨೦೨೦ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಸೇರಿಸಿಕೊಂಡಂತೆ, ಇದನ್ನೂ ಮನಸ್ಸು ಮಾಡಿದರೆ ಮಾಡಬಹುದು.

ಒಂದು ಆಕ್ಷೇಪಣೆಯನ್ನು ಇಲ್ಲಿ ಎದುರಿಸಬೇಕು. ಸಾಹಿತಿಯ ಕೆಲಸ ಬರೆಯುವುದು. ಊರೂರು ಅಲೆದರೆ ಬರೆಯುವುದು ಯಾವಾಗ? ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಇದು ಹಗುರವಾದ ಪ್ರಶ್ನೆಯಲ್ಲ. ಮೇಷ್ಟ್ರ ಏಳನೆಯ ಪುಸ್ತಕ ನಾಲ್ಕು ವರ್ಷಗಳಿಂದ ಅರ್ಧದಲ್ಲಿ ನಿಂತಿದೆ. ಬೆಳಗಿನ ಬಸ್ಸು ಹತ್ತಿ ಸಂಜೆ ಇಳಿಯುವ ಅರವತ್ತೆಂಟರ ಮುದುಕರಿಗೆ ರಾತ್ರಿ ದೀಪದ ಮುಂದೆ ಕೂರುವ ಶಕ್ತಿ ಎಲ್ಲಿಂದ ಬಂದೀತು? ಆ ಐದು ಶಾಲೆಗಳಲ್ಲಿ ಒಂದರಲ್ಲಿ ಮಾತ್ರ ಬಸ್ಸಿನ ಖರ್ಚನ್ನು ವಿಚಾರಿಸಿದರು. ಉಳಿದೆಡೆ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ನಾನು ಲೆಕ್ಕ ಬರೆದಿಟ್ಟಿದ್ದೆ: ಮೂರು ದಿನಕ್ಕೆ ಅವರ ಪಿಂಚಣಿಯಿಂದ ಹೋದದ್ದು ಏಳುನೂರ ಇಪ್ಪತ್ತು ರೂಪಾಯಿ. ಬರುವ ವರ್ಷ ಹೊರಡಲಾರೆನೇನೋ ಎಂದು ಅವರು ಹೇಳಿದಾಗ ನನಗೆ ಸಮಾಧಾನದ ಮಾತು ತೋಚಲಿಲ್ಲ.

ಆದರೆ ಈ ಆಕ್ಷೇಪಣೆಗೆ ಉತ್ತರ, ಅವರನ್ನು ಮನೆಯಲ್ಲಿ ಕೂರಿಸುವುದಲ್ಲ. ಅವರ ಹೊರೆಯಲ್ಲಿ ನಾವು ಪಾಲು ತೆಗೆದುಕೊಳ್ಳುವುದು. ಕಥೆ ಬರೆಯುವುದಕ್ಕೆ ಅವರೇ ಬೇಕು. ಓದುವುದಕ್ಕೆ ನಾವೂ ಆದೇವು. ಮೂರನೆಯ ದಿನ ಮೇಷ್ಟ್ರ ಗಂಟಲು ಕಟ್ಟಿದ್ದರಿಂದ ನಾನೇ ಓದಬೇಕಾಯಿತು. ಮೊದಲು ನಾಚಿಕೆಯಾಯಿತು, ಪುಟ ತಿರುವುವಷ್ಟರಲ್ಲಿ ಮರೆತುಹೋಯಿತು. ಮಕ್ಕಳು ಮೇಕೆಯಂತೆ ಕೂಗೆಂದರು, ಕೂಗಿದೆ. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿದ್ದಿಲ್ಲ.

ಆದುದರಿಂದ ಸಂಘದ ಮುಂದೆ ನನ್ನ ಸೂಚನೆಗಳಿವು. ಕಾಲೇಜಿನಿಂದ ಬಸ್ಸಿನಲ್ಲಿಯೋ ಸೈಕಲ್ಲಿನಲ್ಲಿಯೋ ಹೋಗಿಬರಬಹುದಾದ ಐದು ಸರ್ಕಾರಿ ಶಾಲೆಗಳನ್ನು ಆರಿಸೋಣ. ಪ್ರಾಂಶುಪಾಲರ ಅನುಮತಿ ಪಡೆದು, ತಿಂಗಳಿಗೊಂದು ಶನಿವಾರ ಬೆಳಗ್ಗೆ ಇಬ್ಬಿಬ್ಬರಂತೆ ಹತ್ತು ಮಂದಿ ಹೋಗಿ ಒಂದು ಗಂಟೆ ಕಥೆ ಓದೋಣ, ಭಾಷಣ ಬೇಡ. ವರ್ಷಕ್ಕೆರಡು ಸಲ ಮೇಷ್ಟ್ರಂಥವರನ್ನು ಕರೆದೊಯ್ಯೋಣ. ಪ್ರಯಾಣದ ಖರ್ಚನ್ನೂ ಗೌರವಧನವನ್ನೂ ಮೊದಲೇ ಲಕೋಟೆಯಲ್ಲಿಟ್ಟು ಕೊಡೋಣ. ಹಣವೆಲ್ಲಿದೆಯೆಂದು ಖಜಾಂಚಿಗಳು ಕೇಳಬಹುದು. ಉದ್ಘಾಟನೆಯ ಶಾಲು, ಹಾರ, ಫಲಕಗಳ ಖರ್ಚಿನ ಬಾಬ್ತನ್ನು ಅವರೇ ಒಮ್ಮೆ ತೆಗೆದು ನೋಡಲಿ.

ಇದರಿಂದ ನಮಗೇನು ಲಾಭವೆಂದು ಕೇಳುವವರಿಗೆ ಒಂದೇ ಮಾತು. ಇಂದು ನಾವು ಪಂಪನನ್ನೂ ಕುಮಾರವ್ಯಾಸನನ್ನೂ ಓದುವ ತರಗತಿಯಲ್ಲಿ ಕುಳಿತಿದ್ದೇವೆ. ಆ ಬಾಗಿಲಿನವರೆಗೆ ನಮ್ಮಲ್ಲಿ ಬಹುಮಂದಿಯನ್ನು ಕೈಹಿಡಿದು ಕರೆತಂದವನು ಯಾರೋ ಒಬ್ಬ ಮಕ್ಕಳ ಕವಿ. ಈಗ ಎಂಟು ವರ್ಷದವರಾಗಿರುವ ಮಕ್ಕಳಿಗೆ ಆ ಕೈ ಸಿಗದಿದ್ದರೆ, ಹತ್ತು ವರ್ಷಗಳ ತರುವಾಯ ನಮ್ಮ ಕನ್ನಡ ವಿಭಾಗದ ಬೆಂಚುಗಳಲ್ಲಿ ಕೂರುವವರು ಯಾರು?

ಕಡೆಯ ದಿನ ಬಸ್ಸು ಇಳಿಯುವಾಗ ಮೇಷ್ಟ್ರು, “ನಿಮ್ಮ ಕಾಲೇಜಿನಲ್ಲಿ ಕನ್ನಡ ಸಂಘ ಚೆನ್ನಾಗಿ ನಡೀತಾ ಇದೆಯಂತಲ್ಲಪ್ಪ, ಸಂತೋಷ” ಎಂದರು. ನಾನು ಚೀಲವನ್ನು ಅವರ ಮನೆಯ ಜಗಲಿಯ ಮೇಲಿಟ್ಟು, ಕಣ್ಣು ತಪ್ಪಿಸಿ ಬಂದುಬಿಟ್ಟೆ.

ಬರುವ ವರ್ಷದ ಸಮಿತಿಯಲ್ಲಿ ಆ ಹೆಸರನ್ನು ಮತ್ತೆ ಸೂಚಿಸುತ್ತೇನೆ. ನಗುವವರು ನಗಲಿ. ಈ ಸಲ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.