ಬಾಡಿಗೆಯ ಭಂಡಾರ ಸಾಕೆ?

ಹೊರನಾಡ ಕನ್ನಡಿಗರಲ್ಲಿ ಈಚೆಗೆ ಒಂದು ಮಾತು ರೂಢಿಯಾಗಿದೆ: ‘ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಮನೆಯಲ್ಲಿ ಕೂಡಿಡುವುದೇಕೆ?’ ಈ ಮಾತನ್ನು ನಾವು ಒಪ್ಪಲಾರೆವು. 2009ರಲ್ಲಿ ಅಮೆಜಾನ್ ಸಂಸ್ಥೆಯು ಓದುಗರು ಕೊಂಡಿದ್ದ ಆರ್ವೆಲ್‌ನ ಕಾದಂಬರಿಗಳನ್ನು ಅವರ ಕಿಂಡಲ್‌ಗಳಿಂದಲೇ ಅಳಿಸಿತು. ಹಣ ಮರಳಿಸಿತು, ನಿಜ. ಕಪಾಟಿನ ಕೀಲಿಕೈ ಯಾರಲ್ಲಿದೆ ಎಂಬುದೂ ಅಂದೇ ತಿಳಿಯಿತು.

1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ ಸೇರಿದವು. ಬಂಧುಬಳಗ ಎರಡೂ ಕಡೆ ಉಳಿಯಿತು. ಸನತ್‌ನಗರದ ಮನೆಯೊಂದರ ಕ್ಯಾಸೆಟ್ಟಿನಲ್ಲಿರುವ ಅಜ್ಜಿಯ ಬೀಸುವ ಪದ, ಬೀದರ ಸೀಮೆಯ ಆ ಆಡುನುಡಿ ಯಾವ ಕಂಪನಿಯ ಪಟ್ಟಿಯಲ್ಲಿದೆ? ಅದನ್ನು ನಾವೇ ಕಾಯಬೇಕು.

ಬೇಕಾದುದು ಹಳೆಯ ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್, ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ. ಎಂಬಿ ತಂತ್ರಾಂಶದ ಆಕರ ಸಂಕೇತ ಮುಚ್ಚಿಹೋದಾಗ 2018ರಲ್ಲಿ ಅದರಿಂದ ಕವಲೊಡೆದುದು ಇದು. ಮನೆಯವರಿಗೆಲ್ಲ ಒಂದೊಂದು ಖಾತೆ ಕೊಡಬಹುದು. ದೂರದೂರಿನ ಬಂಧುಗಳು ವಿಪಿಎನ್ ಮೂಲಕ ಬಂದು ಕೇಳಬಹುದು.

‘ಡಿಸ್ಕ್ ಕೆಟ್ಟರೆ?’ ಎಂಬ ಆಕ್ಷೇಪ ಸಾಧುವೇ. ಕೆಡುತ್ತದೆ. ಆದ್ದರಿಂದಲೇ ಇನ್ನೊಂದು ಪ್ರತಿ ತವರೂರಿನಲ್ಲಿರಲಿ. ತಾಳೆಗರಿಗೂ ಹುಳು ಹತ್ತುತ್ತಿತ್ತು; ಆದರೂ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರಲಾದುದು, ಮನೆಮಠಗಳಲ್ಲಿ ಯಾರೋ ಕಟ್ಟುಗಳನ್ನು ಪ್ರತಿಮಾಡಿ ಕಾಯ್ದಿದ್ದರಿಂದ. ಅಷ್ಟು ಶ್ರಮವೂ ಇಂದು ನಮ್ಮಿಂದ ಬೇಡ. ಒಂದೆರಡು ಭಾನುವಾರ ಸಾಕು. ಕ್ಯಾಸೆಟ್ಟಿನ ಸುರುಳಿ ಸವೆಯುವ ಮುನ್ನ, ಆ ಹಾಡಿನ ಅರ್ಥ ಹೇಳಬಲ್ಲವರು ಇರುವಾಗಲೇ, ಕೆಲಸ ಮೊದಲಾಗಲಿ.